ಸಣ್ಣ ಟ್ರ್ಯಾಕ್ಟರಿನ ಸಲಕರಣೆಗಳೂ ಅದರ ಸಾಲವೂ

ಹದಿನೈದರಿಂದ ಇಪ್ಪತ್ತೈದು ಅಶ್ವಶಕ್ತಿಯೊಳಗಿನ ಸಣ್ಣ ಟ್ರ್ಯಾಕ್ಟರನ್ನು ಕೊಳ್ಳಬೇಕೆಂಬ ವಿಚಾರವು ಬೆಳಗಾವಿ ಹಾಗೂ ಖಾನಾಪುರ ತಾಲೂಕುಗಳ ಅನೇಕ ಜಮೀನುದಾರರ ಮನಸ್ಸಿನಲ್ಲಿರುವುದು. ಅದಕ್ಕೆ ಕಾರಣಗಳು ಸ್ಪಷ್ಟವಾಗಿಯೇ ಇವೆ. ಒಳ್ಳೆಯ ಜೋಡೆತ್ತುಗಳನ್ನು ವರ್ಷವಿಡೀ ಮೇಯಿಸಿ ಸಾಕುವುದು ದುಬಾರಿಯಾಗಿದೆ. ಬಿತ್ತಿಗೆಯ ಹೊತ್ತಿಗೆ ಆಳುಗಳು ಸಿಕ್ಕುವುದಿಲ್ಲ. ತಲೆತಲಾಂತರದಿಂದ ಹಿಸೆಯಾಗುತ್ತ ಬಂದ ಹೊಲಗಳ ಅಗಲವು ದೊಡ್ಡ ಟ್ರ್ಯಾಕ್ಟರು ತಿರುಗುವುದಕ್ಕೆ ಸಾಲದಾಗಿದೆ. ಇಂಥ ಯಂತ್ರಗಳಲ್ಲಿ ಯಾವ ಕಂಪನಿಯದು ಮೇಲೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ವಿ.ಎಸ್.ಟಿ., ಮಹೀಂದ್ರ, ಸ್ವರಾಜ್, ಕುಬೋಟಾ ಮೊದಲಾದ ಹೆಸರುಗಳ ಸಣ್ಣ ಟ್ರ್ಯಾಕ್ಟರುಗಳನ್ನು ವಾಚಕರು ಬಲ್ಲರು. ಅದರ ಹಿಂದೆ ಕಟ್ಟಬೇಕಾದ ಸಲಕರಣೆಗಳು ಯಾವುವು, ಅದಕ್ಕಾಗಿ ಮಾಡುವ ಸಾಲದ ಕರಾರು ಹೇಗಿರಬೇಕು ಎಂಬ ಎರಡು ಸಂಗತಿಗಳನ್ನಷ್ಟೇ ಇಲ್ಲಿ ವಿಚಾರಿಸಲಾಗಿದೆ.

ಮೊದಲು ಹೊಲವನ್ನು ನೋಡಬೇಕು. ಹೊಲಕ್ಕೆ ತಕ್ಕ ಸಲಕರಣೆಯನ್ನು ಗೊತ್ತುಮಾಡಬೇಕು. ಆ ಸಲಕರಣೆಯನ್ನು ಎಳೆಯಲೂ ತಿರುಗಿಸಲೂ ಎತ್ತಲೂ ಬಲವುಳ್ಳ ಯಂತ್ರವನ್ನು ಆರಿಸಬೇಕು. ಅದೆಲ್ಲ ಆದಮೇಲೆ ಸಾಲದ ಮಾತು. ಆದರೆ ಪೇಟೆಯಲ್ಲಿ ನಡೆಯುವ ಕ್ರಮವು ಇದಕ್ಕೆ ತಿರುಗುಮುರುಗಾಗಿದೆ. ಮೊದಲು ಸಾಲ ಕೊಡುವವನೇ ಎದುರಿಗೆ ಬರುತ್ತಾನೆ. ಅವನ ಬೆನ್ನಿಗೆ ಯಂತ್ರ ಬರುವುದು. ಯಂತ್ರದೊಡನೆ ಅಂಗಡಿಯಲ್ಲಿ ಉಳಿದಿದ್ದ ಯಾವುದೋ ಒಂದು ಸಲಕರಣೆಯು 'ಉಚಿತ'ವೆಂಬ ಹೆಸರಿನಿಂದ ಮನೆಗೆ ಬರುವುದು. ಹೊಲದ ವಿಚಾರವು ಎಲ್ಲಕ್ಕೂ ಕಡೆಗೆ, ಅದೂ ಯಂತ್ರವು ಮಡಿಯಲ್ಲಿ ಹುಗಿದಾಗ.

ಹೊಲಕ್ಕೆ ತಕ್ಕ ಸಲಕರಣೆಯೆಂಬ ವಿಚಾರವು ಬೆಳಗಾವಿಗೆ ಹೊಸದಲ್ಲ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿ ಪಟ್ಟಣದಲ್ಲಿ 1888ರಲ್ಲಿ ಸೈಕಲ್ ಅಂಗಡಿಯನ್ನಿಟ್ಟು, ಮುಂದೆ ಕಣಿಕೆ ಕತ್ತರಿಸುವ ಯಂತ್ರವನ್ನೂ 1903ರಲ್ಲಿ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಬ್ಬಿಣವು ತಾಗಿದರೆ ಭೂಮಿಗೆ ವಿಷವೇರುವುದೆಂಬ ಶಂಕೆಯಿಂದ ಆ ನೇಗಿಲುಗಳು ಸುಮಾರು ಎರಡು ವರ್ಷ ಮಾರಾಟವಾಗದೆ ಉಳಿದುವಂತೆ. 1910ರಲ್ಲಿ ಅವರ ಕಾರಖಾನೆಯು ಔಂಧ ಸಂಸ್ಥಾನದ ನೆಲಕ್ಕೆ ಹೋಗಿ ಕಿರ್ಲೋಸ್ಕರವಾಡಿಯಾಯಿತು. ಆ ಕಾಲದ ಒಕ್ಕಲಿಗರ ಶಂಕೆಯನ್ನು ಈಗ ನಗುವುದು ಸುಲಭ. ಆದರೆ ಹೊಸ ಹತ್ಯಾರವನ್ನು ತನ್ನ ಮಣ್ಣಿನ ಕಡೆಯಿಂದ ಪರೀಕ್ಷಿಸಬೇಕೆಂಬ ಅವರ ಹಟವನ್ನು ನಗಬೇಕಾದುದಿಲ್ಲ. ಅಂಥ ಹಟವು ಈಗ ತೀರ ಕಡಿಮೆಯಾಗಿರುವುದೇ ಚಿಂತೆಯ ವಿಷಯ.

ಖಾನಾಪುರ ತಾಲೂಕಿನಲ್ಲಿ ಎರಡು ಸೀಮೆಗಳಿವೆ. ಪಶ್ಚಿಮಕ್ಕೆ ಜಾಂಬೋಟಿ, ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿ, ಲೋಂಡಾ ಮುಂತಾದವು ಸಹ್ಯಾದ್ರಿಯ ಮಗ್ಗುಲಲ್ಲಿರುವುವು. ಅಲ್ಲಿ ಮಳೆ ವಿಪರೀತ, ನೆಲ ಇಳಿಜಾರು, ಮಣ್ಣು ಕೆಂಪು, ನಡುನಡುವೆ ಜಂಬಿಟ್ಟಿಗೆಯ ಕಲ್ಲು ಮತ್ತು ಮರದ ಬೇರು. ಪೂರ್ವಕ್ಕೆ ಬೀಡಿ, ಇಟಗಿಗಳ ಕಡೆಗೆ ಸಾಗಿದಂತೆ ಮಳೆ ಇಳಿಯುತ್ತ, ಮಣ್ಣು ಕಪ್ಪಾಗುತ್ತ ಬಯಲುಸೀಮೆಯ ಲಕ್ಷಣಗಳು ಕಾಣತೊಡಗುವುವು. ಬೆಳಗಾವಿಯ ಸುತ್ತಿನ ಶಹಾಪುರ, ವಡಗಾವಿ, ಯಳ್ಳೂರುಗಳ ಭತ್ತದ ಹೊಲಗಳು, ಸುಗ್ಗಿಯಾದ ಬಳಿಕ ಅದೇ ಹಸಿಯಲ್ಲಿ ಮಸೂರು, ಕಡಲೆ ಬಿತ್ತುವ ಪದ್ಧತಿ, ಗೆಣಸು ಮತ್ತು ಬಟಾಟೆಯ ಮಡಿಗಳು, ಇವೆಲ್ಲ ಮತ್ತೊಂದು ಬಗೆ. ಕಣಕುಂಬಿಯವನಿಗೆ ಹೊಂದಿದ ಸಲಕರಣೆಯು ಇಟಗಿಯವನಿಗೆ ಹೊಂದುವುದೆಂದು ತಿಳಿಯತಕ್ಕದ್ದಲ್ಲ. ಇಬ್ಬರೂ ಬೆಳಗಾವಿಯ ಒಂದೇ ಅಂಗಡಿಗೆ ಬರುತ್ತಾರೆಂಬುದನ್ನು ಬಿಟ್ಟರೆ ಅವರ ಬೇಸಾಯಗಳಲ್ಲಿ ಸಾಮ್ಯವು ಸ್ವಲ್ಪವೇ.

ಜೋಡಣೆ, ಎತ್ತುವ ಬಲ, ತಿರುಗಿಸುವ ಬಲ

ಹಗುರಾದ ಟ್ರ್ಯಾಕ್ಟರು ಉಳುವುದಾದರೂ ಹೇಗೆ ಎಂಬುದನ್ನು ತಿಳಿದಿದ್ದರೆ ಆರಿಸುವ ಕೆಲಸವು ಸುಲಭವಾಗುವುದು. ಹ್ಯಾರಿ ಫರ್ಗ್ಯುಸನ್ ಎಂಬ ಐರಿಷ್ ಶೋಧಕರು 1936ರಲ್ಲಿ ಮಾರುಕಟ್ಟೆಗೆ ತಂದ ಸಣ್ಣ ಟ್ರ್ಯಾಕ್ಟರಿನಲ್ಲಿ ನೇಗಿಲನ್ನು ಸರಪಳಿಯಿಂದ ಎಳೆಯದೆ, ಮೂರು ಕೊಂಡಿಗಳಿಂದ ಯಂತ್ರಕ್ಕೇ ಬಿಗಿದು ಎಣ್ಣೆಯ ಒತ್ತಡದಿಂದ ಏರಿಳಿಸುವ ವ್ಯವಸ್ಥೆಯಿತ್ತು. ಇದರಿಂದ ಮಣ್ಣು ನೇಗಿಲನ್ನು ಹಿಡಿಯುವ ಬಲವು ಹಿಂದಿನ ಗಾಲಿಗಳ ಮೇಲೆ ಭಾರವಾಗಿ ಬಿದ್ದು, ಹಗುರಾದ ಯಂತ್ರವೂ ಜಾರದೆ ಉಳುವಂತಾಯಿತು. ಮಾರನೆಯ ಮೂರನೆಯ ವರ್ಷದಲ್ಲಿ, ಎಂದರೆ 1939ರಲ್ಲಿ, ಹೆನ್ರಿ ಫೋರ್ಡರ ಕಾರಖಾನೆಯು ಇದೇ ಜೋಡಣೆಯನ್ನು ಕೈಗೊಂಡಿತು. ಈಗ ಜಗತ್ತಿನಲ್ಲೆಲ್ಲ ಇದೇ ನಡೆಯುತ್ತಿದೆ. ಸಲಕರಣೆಯು ಯಂತ್ರದ ದೇಹದ ಒಂದು ಅಂಗವೇ ಆಗಿರುವುದರಿಂದ ಅದು ಯಂತ್ರಕ್ಕೆ ಮೀರಿದ್ದಾದರೆ ಮುಂದಿನ ಗಾಲಿಗಳು ನೆಲ ಬಿಟ್ಟು ಏಳುವುವು. ಬದುವನ್ನೇರುವಾಗ ಇಂಥ ಯಂತ್ರವು ಹಿಮ್ಮಗುಚಿ ಬೀಳುವ ಅಪಾಯವಿದೆ.

ಆದುದರಿಂದ ಅಂಗಡಿಯಲ್ಲಿ ಮೂರು ಅಂಕೆಗಳನ್ನು ಕೇಳಬೇಕು. ಒಂದು, ಪಿ.ಟಿ.ಓ. ದಂಡದಲ್ಲಿ ದೊರೆಯುವ ಅಶ್ವಶಕ್ತಿ. ಬಾನೆಟ್ಟಿನ ಮೇಲೆ ಬರೆದಿರುವುದು ಎಂಜಿನ್ನಿನ ಶಕ್ತಿ. ರೊಟಾವೇಟರನ್ನು ತಿರುಗಿಸುವುದು ಪಿ.ಟಿ.ಓ. ಶಕ್ತಿ. ಎಂಜಿನ್ನಿನಲ್ಲಿ ಸಮಾನವಾದ ಎರಡು ಯಂತ್ರಗಳು ಇದರಲ್ಲಿ ಹಲವು ಅಶ್ವಶಕ್ತಿಗಳಷ್ಟು ಭಿನ್ನವಾಗಿರಬಹುದು. ಎರಡು, ಎತ್ತುವ ಭಾರ. ಈ ವರ್ಗದ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಐದುನೂರರಿಂದ ಏಳುನೂರೈವತ್ತು ಕಿಲೋಗ್ರಾಂ ಇರುವುದು. ಆದರೆ ಆ ಅಂಕೆಯು ಕೊಂಡಿಯ ತುದಿಯದು; ಎರಡಡಿ ಹಿಂದಕ್ಕೆ ಭಾರವಿರುವ ಸಲಕರಣೆಯನ್ನು ಎತ್ತುವಾಗ ಅಷ್ಟು ಬಲ ಸಿಕ್ಕುವುದಿಲ್ಲ. ಮೂರು, ಗಾಲಿಗಳ ಹೊರಹೊರಗಿನ ಅಗಲ ಮತ್ತು ಅದನ್ನು ಎಷ್ಟರವರೆಗೆ ಹೆಚ್ಚುಕಡಿಮೆ ಮಾಡಬಹುದೆಂಬುದು. ಕಬ್ಬಿನ ಸಾಲಿನಲ್ಲಿ ಹೋಗಬೇಕಾದವನಿಗೆ ಮೊದಲೆರಡಕ್ಕಿಂತ ಈ ಮೂರನೆಯದೇ ಮುಖ್ಯ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರಕಾರದ ಕೃಷಿಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯು ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿಯನ್ನು ಕೊಡುವುದು. ಮಾರುವವನ ಬಾಯಿಮಾತಿಗಿಂತ ಆ ವರದಿಯನ್ನು ತೋರಿಸೆಂದು ಕೇಳುವುದು ಲೇಸು. ತೋರಿಸಲು ಹಿಂದೆಮುಂದೆ ನೋಡಿದರೆ ಅದೂ ಒಂದು ಉತ್ತರವೇ.

ಯಾವ ಸಲಕರಣೆ

ನಮ್ಮ ಕಡೆಯವರು 'ರೂಟರ್' ಎಂದು ಕರೆಯುವ ರೊಟಾವೇಟರನ್ನೇ ಎಲ್ಲರೂ ಮೊದಲು ಕೇಳುವರು. ಒಂದೇ ಸುತ್ತಿಗೆ ಮಣ್ಣು ರವೆಯಂತಾಗುವುದನ್ನು ಕಂಡು ಮನಸ್ಸು ಹಿಗ್ಗುವುದು ಸಹಜ. ಭತ್ತದ ಕೊಯ್ಲಾದ ಹೊಲದಲ್ಲಿ ಕೂಳೆ ಕತ್ತರಿಸಿ ಮಸೂರಿಗೆ ಹದ ಮಾಡಲು ಮತ್ತು ಗೆಣಸಿನ ಮಡಿಗೆ ಮಣ್ಣು ಸಡಿಲಿಸಲು ಇದಕ್ಕೆ ಸಮನಾದುದಿಲ್ಲ. ಇಪ್ಪತ್ತನಾಲ್ಕು ಅಶ್ವಶಕ್ತಿಯ ಯಂತ್ರಕ್ಕೆ ಮೂರೂವರೆಯಿಂದ ನಾಲ್ಕು ಅಡಿ, ಹದಿನೈದು ಹದಿನೆಂಟು ಅಶ್ವಶಕ್ತಿಯದಕ್ಕೆ ಎರಡೂವರೆಯಿಂದ ಮೂರು ಅಡಿ ಅಗಲವು ಸಾಕು. ಅಂಗಡಿಯವನು ಐದು ಅಡಿಯದನ್ನು ಉಚಿತವಾಗಿ ಕೊಟ್ಟರೂ ಒಲ್ಲೆನೆನ್ನಬೇಕು. ಅದನ್ನು ತಿರುಗಿಸುತ್ತ ಎಂಜಿನ್ನು ಹೊಗೆಯುಗುಳಿ ಸುಡುವ ಡೀಸೆಲಿನ ಬೆಲೆಯು ಆ ಉಚಿತಕ್ಕಿಂತ ಹೆಚ್ಚಾಗುವುದು. ಮೂರೂವರೆ ಅಡಿಯ ರೊಟಾವೇಟರು ಗಂಟೆಗೆ ಸುಮಾರು ಅರ್ಧ ಎಕರೆಯನ್ನು ಮುಗಿಸುವುದೆಂದು ಲೆಕ್ಕವಿಟ್ಟುಕೊಳ್ಳಬಹುದು.

ಆದರೆ ರೊಟಾವೇಟರು ನಾಲ್ಕೈದು ಅಂಗುಲಕ್ಕಿಂತ ಆಳಕ್ಕೆ ಹೋಗುವುದಿಲ್ಲ. ವರ್ಷವರ್ಷವೂ ಇದೊಂದನ್ನೇ ಓಡಿಸಿದರೆ ಅದರ ಕೆಳಗೆ ಗಚ್ಚಿನಂಥ ಒಂದು ಪದರವು ಕಟ್ಟಿ, ನೀರೂ ಬೇರೂ ಕೆಳಗಿಳಿಯದಂತಾಗುವುದು. ಭತ್ತದ ಮಡಿಯಲ್ಲಿ ನೀರು ನಿಲ್ಲುವುದಕ್ಕೆ ಆ ಪದರವು ಸ್ವಲ್ಪ ಸಹಾಯವೇ ಆದರೂ ಇಟಗಿಯ ಕಡೆಯ ಎರೆಭೂಮಿಗೂ ಕಬ್ಬಿಗೂ ಅದು ಹಾನಿಕರ. ಜಾಂಬೋಟಿ, ಕಣಕುಂಬಿಗಳ ಇಳಿಜಾರಿನಲ್ಲಿ ಹಾನಿಯು ಬೇರೆ ಬಗೆಯದು. ಅಲ್ಲಿ ಮೃಗಶಿರದ ಮಳೆಗೆ ಮೊದಲು ಕೆಂಪು ಮಣ್ಣನ್ನು ಹಿಟ್ಟು ಮಾಡಿಟ್ಟರೆ ಮೊದಲ ಜೋರುಮಳೆಗೆ ಅದು ಹಳ್ಳದ ಪಾಲು. ಆ ಸೀಮೆಯ ಮಕ್ಕಿ ಹೊಲಗಳಿಗೆ ರೊಟಾವೇಟರನ್ನು ನಾವು ಶಿಫಾರಸು ಮಾಡಲಾರೆವು.

ಆ ಹೊಲಗಳಿಗೆ ಬೇಕಾದುದು ಐದು ಹಲ್ಲಿನ ಕಲ್ಟಿವೇಟರು, ಅದೂ ಸ್ಪ್ರಿಂಗ್ ಇರುವುದು. ಕಲ್ಲು ಅಥವಾ ಬೇರು ಅಡ್ಡಬಂದಾಗ ಹಲ್ಲು ಹಿಂದಕ್ಕೆ ಮಡಚಿ ದಾಟಿಹೋಗುವುದು; ಬಿಗಿಹಲ್ಲಿನದಾದರೆ ಒಂದೋ ಹಲ್ಲು ಮುರಿಯುವುದು, ಇಲ್ಲವೆ ಕೊಂಡಿ ಬಾಗುವುದು. ಬೆಲೆಯಲ್ಲಿ ಇದು ರೊಟಾವೇಟರಿಗಿಂತ ಬಹಳ ಅಗ್ಗ, ಕೆಡುವ ಭಾಗಗಳೂ ಕಡಿಮೆ. ಒಂದೇ ಸಲಕರಣೆಗೆ ಹಣವಿರುವವನು ಖಾನಾಪುರದ ಪಶ್ಚಿಮ ಭಾಗದಲ್ಲಿ ಕಲ್ಟಿವೇಟರನ್ನೂ, ಬೆಳಗಾವಿಯ ಸುತ್ತಲಿನ ಭತ್ತ, ಮಸೂರಿನ ಹೊಲಗಳಲ್ಲಿ ರೊಟಾವೇಟರನ್ನೂ ಕೊಳ್ಳುವುದು ಯೋಗ್ಯವೆಂದು ನಮ್ಮ ಅಭಿಪ್ರಾಯ.

ಆಳದ ಉಳುಮೆಗಾಗಿ ಸಣ್ಣ ಟ್ರ್ಯಾಕ್ಟರಿಗೆ ನೇಗಿಲು ಕೊಳ್ಳುವುದು ವ್ಯರ್ಥ. ಎರೆಭೂಮಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಆಳವಾಗಿ ಮಗುಚಬೇಕಾದರೆ ದೊಡ್ಡ ಟ್ರ್ಯಾಕ್ಟರನ್ನು ಬಾಡಿಗೆಗೆ ತರುವುದೇ ಸರಿ. ರಾಜ್ಯದಲ್ಲಿ 2014ರಿಂದ ನಡೆದುಬಂದ ಕೃಷಿ ಯಂತ್ರಧಾರೆ ಕೇಂದ್ರಗಳು ಇಂಥ ಉಪಯೋಗಕ್ಕೆಂದೇ ಹುಟ್ಟಿದವು.

ಕೂರಿಗೆಯ ವಿಷಯದಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಖಾನಾಪುರ, ಕಿತ್ತೂರು, ಧಾರವಾಡಗಳ ಈ ಮಳೆಪಟ್ಟಿಯಲ್ಲಿ ಭತ್ತವನ್ನು ನಾಟಿ ಮಾಡದೆ ಕೂರಿಗೆಯಿಂದ ಒಣಮಣ್ಣಿನಲ್ಲಿ ಬಿತ್ತುವ ರೂಢಿಯು ಹಳೆಯದು. ಧಾರವಾಡದ ಬಳಿಯ ಮುಗದದ ಸಂಶೋಧನಾ ಕೇಂದ್ರವು ಈ ಕೂರಿಗೆ ಭತ್ತಕ್ಕಾಗಿಯೇ ದುಡಿಯುತ್ತ ಬಂದಿದೆ. ರೋಹಿಣಿಯ ಅಡ್ಡಮಳೆಗೆ ಹದವಾದ ನೆಲದಲ್ಲಿ, ಮುಂಗಾರು ಹಿಡಿದುಕೊಳ್ಳುವುದರೊಳಗೆ, ಕೈಗೆ ಸಿಕ್ಕುವ ಕೆಲವೇ ದಿನಗಳಲ್ಲಿ ಬಿತ್ತಿಗೆಯಾಗಬೇಕು. ಒಂದು ವಾರ ತಪ್ಪಿದರೆ ನೆಲ ಕೆಸರಾಗಿ ಕೂರಿಗೆಯು ನಡೆಯುವುದಿಲ್ಲ. ಟ್ರ್ಯಾಕ್ಟರು ತನ್ನ ಬೆಲೆಯನ್ನು ನಿಜವಾಗಿ ತೀರಿಸುವುದು ಈ ದಿನಗಳಲ್ಲಿಯೇ. ಹೀಗಿದ್ದೂ ರೊಟಾವೇಟರಿಗೆ ಹಣ ಸುರಿದು, ಬಿತ್ತಿಗೆಯನ್ನು ಮಾತ್ರ ಎತ್ತಿನ ಬಾಡಿಗೆಗೆ ಕಾಯುತ್ತ ಕೂಡ್ರುವವರು ಇದ್ದಾರೆ. ಬೀಜ ಮತ್ತು ಗೊಬ್ಬರವನ್ನು ಬೇರೆಬೇರೆ ಬುಟ್ಟಿಗಳಿಂದ ಬಿಡುವ ಯಂತ್ರಕೂರಿಗೆಯನ್ನು, ಎಂಟೊಂಬತ್ತು ಅಂಗುಲ ಸಾಲಿನ ಅಂತರಕ್ಕೆ ಹೊಂದಿಸಲು ಬರುವುದನ್ನು, ಆರಿಸತಕ್ಕದ್ದು. ಬೀಜವು ಒಂದೂವರೆಯಿಂದ ಎರಡು ಅಂಗುಲದೊಳಗೆ ಬೀಳಬೇಕು. ಗಾಲಿಯ ಜಾಡಿನಲ್ಲಿ ಒತ್ತಿಹೋದ ಮಣ್ಣನ್ನು ಹಿಂದಿನ ಹಲ್ಲು ಮತ್ತೆ ಸಡಿಲಿಸುವುದೋ ಇಲ್ಲವೋ ಎಂಬುದನ್ನು ಕೊಳ್ಳುವ ಮೊದಲು ಹೊಲದಲ್ಲಿ ಓಡಿಸಿಯೇ ನೋಡಬೇಕು. ಇಲ್ಲವಾದರೆ ಆ ಎರಡು ಸಾಲುಗಳಲ್ಲಿ ಭತ್ತವು ಎದ್ದು ಬರುವುದಿಲ್ಲ.

ಕೆಸರುಗದ್ದೆ ಮಾಡಿ ನಾಟಿ ಹಾಕುವವರು ನಾಲ್ಕೂ ಗಾಲಿಗಳಿಗೆ ಬಲ ಹೋಗುವ ಯಂತ್ರವನ್ನೂ ಪಂಜರದ ಚಕ್ರಗಳನ್ನೂ ತೆಗೆದುಕೊಳ್ಳಬೇಕು. ಕಬ್ಬಿನವರು ನಾಲ್ಕೈದು ಅಡಿಯ ಸಾಲಿನಲ್ಲಿ ಯಂತ್ರದ ಹೊರ ಅಗಲವು ಮೂರೂವರೆ ಅಡಿ ಮೀರದಂತೆ ನೋಡಿಕೊಂಡರೆ, ಪೈರು ಮೊಣಕಾಲೆತ್ತರ ಬರುವವರೆಗೆ ಎಡೆ ಹೊಡೆದು ಮಣ್ಣೇರಿಸಬಹುದು. ಮುಂದಿನ ಹಂಗಾಮಿನಲ್ಲಿ ಸಾಲಿನ ಅಂತರವನ್ನು ಐದಡಿಗೆ ಬದಲಿಸುವ ಮನಸ್ಸಿದ್ದರೆ ಯಂತ್ರವನ್ನು ಕೊಳ್ಳುವ ಮೊದಲೇ ನಿರ್ಧರಿಸುವುದು ಜಾಣತನ.

ಟ್ರೇಲರಿನ ಮಾತು ಬೇರೆ. ಗೊಬ್ಬರ, ಮೇವು, ರಾಶಿಯ ಚೀಲಗಳನ್ನು ಹೊಲದಿಂದ ಮನೆಗೆ ಸಾಗಿಸಲು ಸಣ್ಣ ಟ್ರೇಲರು ಉಪಯುಕ್ತವೇ. ವರ್ಷದಲ್ಲಿ ಹೆಚ್ಚು ಗಂಟೆ ದುಡಿಯುವುದೂ ಅದೇ. ಆದರೆ ಸಣ್ಣ ಟ್ರ್ಯಾಕ್ಟರಿನಿಂದ ಸಕ್ಕರೆ ಕಾರಖಾನೆಗೆ ಕಬ್ಬು ಹೇರಬಹುದೆಂಬ ಆಸೆಯನ್ನು ಬಿಡಬೇಕು. ಇಳಿಜಾರಿನಲ್ಲಿ ಭಾರದ ಟ್ರೇಲರು ಹಗುರಾದ ಯಂತ್ರವನ್ನು ಹಿಂದಿನಿಂದ ದೂಡಿಕೊಂಡು ಹೋಗುವುದು. ಬ್ರೇಕು ಹಿಡಿದಷ್ಟೂ ಅದು ಅಡ್ಡ ತಿರುಗುವುದು. ಕಾಯಿದೆಯಂತೆ ಟ್ರೇಲರು ಒಂದು ಪ್ರತ್ಯೇಕ ವಾಹನ; ಅದಕ್ಕೂ ನೋಂದಣಿ ಆಗಬೇಕು. ಮನೆಮಂದಿಯನ್ನೂ ನೆರೆಯವರನ್ನೂ ಅದರಲ್ಲಿ ಕೂಡ್ರಿಸಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಡುವ ಊರುಗಳಲ್ಲಿ ಹಿರಿಯರು ಇದೊಂದನ್ನು ತಿಳಿಸಿ ಹೇಳಬೇಕು: ಒಕ್ಕಲುತನದ ಟ್ರೇಲರಿನಲ್ಲಿ ಕುಳಿತ ಜನರಿಗೆ ಅಪಘಾತವಾದರೆ ವಿಮೆಯ ಆಧಾರವಿರುವುದಿಲ್ಲ, ಪರಿಹಾರದ ಹೊರೆಯು ಮಾಲೀಕನ ಜಮೀನಿನ ಮೇಲೆ ಬರುವುದು. ತಿರುಗುವ ಪಿ.ಟಿ.ಓ. ದಂಡಕ್ಕೆ ಮುಚ್ಚಳವಿಲ್ಲದ ಯಾವ ಸಲಕರಣೆಯನ್ನೂ ಮನೆಗೆ ತರಬಾರದು. ನಿಮಿಷಕ್ಕೆ 540 ಸುತ್ತು ತಿರುಗುವ ದಂಡವು ಧೋತರದ ಅಂಚನ್ನೋ ಸೀರೆಯ ಸೆರಗನ್ನೋ ಹಿಡಿದರೆ ಬಿಡಿಸಿಕೊಳ್ಳಲು ಹೊತ್ತಿರುವುದಿಲ್ಲ.

ರಿಪೇರಿಯ ವಿಷಯದಲ್ಲಿ ನಮ್ಮ ಭಾಗದವರು ಭಾಗ್ಯವಂತರು. ಬೆಳಗಾವಿಯ ಉದ್ಯಮಬಾಗ ಮತ್ತು ಖಾನಾಪುರದ ರಸ್ತೆಯಲ್ಲಿಯೇ ಇರುವ ಮಚ್ಛೆಯ ಕಡೆಯಲ್ಲಿ ಎರಕದ ಕೆಲಸ, ಲೇತಿನ ಕೆಲಸ, ಹೈಡ್ರಾಲಿಕ್ ಭಾಗಗಳ ಕೆಲಸ ಬಲ್ಲವರು ಅನೇಕರಿದ್ದಾರೆ. ಆದರೂ ರೊಟಾವೇಟರಿನ ಅಲಗುಗಳನ್ನು ಅಗ್ಗಕ್ಕೆಂದು ಸಾದಾ ಕಬ್ಬಿಣದಲ್ಲಿ ಮಾಡಿಸುವುದು ಹಿತವಲ್ಲ. ಒಂದು ಹಂಗಾಮಿನಲ್ಲಿಯೇ ಸವೆಯುವುವು.

ಕೊಳ್ಳುವುದೋ, ಬಾಡಿಗೆಯೋ

ಸಾಲದ ಕಾಗದಕ್ಕೆ ಕೈಹಚ್ಚುವ ಮೊದಲು ಒಂದು ಲೆಕ್ಕವನ್ನು ಮಾಡಬೇಕು. ಯಂತ್ರಕ್ಕೂ ಎರಡು ಮೂರು ಸಲಕರಣೆಗಳಿಗೂ ಸೇರಿ ಆರು ಲಕ್ಷ ರೂಪಾಯಿ ಎಂದು ಇಟ್ಟುಕೊಳ್ಳೋಣ. ಹತ್ತು ವರ್ಷದ ಬಾಳಿಕೆ, ಕಡೆಗೆ ಅರವತ್ತು ಸಾವಿರ ಬೆಲೆ ಎಂದರೆ ಸವಕಳಿಯು ವರ್ಷಕ್ಕೆ 54,000 ರೂ. ಸರಾಸರಿ ಬಂಡವಾಳದ ಮೇಲೆ ನೂರಕ್ಕೆ ಒಂಬತ್ತರಂತೆ ಬಡ್ಡಿ 29,700 ರೂ. ವಿಮೆ, ನಿಲುಗಡೆಯ ಮಾಡು ಮುಂತಾದವಕ್ಕೆ 12,000 ರೂ. ಒಟ್ಟು 95,700 ರೂ. ಯಂತ್ರವು ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತರೂ ಈ ಖರ್ಚು ತಪ್ಪದು.

ಏಳೆಂಟು ಎಕರೆಯ ಒಡೆಯನು ತನ್ನ ಹೊಲವೊಂದಕ್ಕೇ ವರ್ಷಕ್ಕೆ 150 ಗಂಟೆ ಓಡಿಸಿದರೆ ಗಂಟೆಗೆ 638 ರೂ. ನಿಂತ ಖರ್ಚೇ ಬೀಳುವುದು. ಗಂಟೆಗೆ ಮೂರು ಲೀಟರ್ ಡೀಸೆಲು, ಲೀಟರಿಗೆ ತೊಂಬತ್ತು ರೂಪಾಯಿಯೆಂದು ಹಿಡಿದರೆ ಇನ್ನೊಂದು 270 ರೂ.; ಚಾಲಕನ ಕೂಲಿ, ರಿಪೇರಿ ಬೇರೆ. ಅದೇ ಯಂತ್ರವು ಅಣ್ಣತಮ್ಮಂದಿರ ಮತ್ತು ನೆರೆಯವರ ಹೊಲಗಳಲ್ಲಿಯೂ ದುಡಿದು ವರ್ಷಕ್ಕೆ 500 ಗಂಟೆ ಓಡಿದರೆ ನಿಂತ ಖರ್ಚು ಗಂಟೆಗೆ 191 ರೂಪಾಯಿಗೆ ಇಳಿಯುವುದು. ತನ್ನೂರಿನ ಬಾಡಿಗೆಯ ದರವನ್ನು ಇದರ ಪಕ್ಕಕ್ಕಿಟ್ಟು ನೋಡಿದರೆ ಏನು ಮಾಡಬೇಕೆಂಬುದನ್ನು ಪ್ರತಿಯೊಬ್ಬ ಜಮೀನುದಾರನೂ ತಾನೇ ತಿಳಿಯಬಲ್ಲನು. ದೊಡ್ಡ ಟ್ರ್ಯಾಕ್ಟರು ಒಂದು ಗಂಟೆಯಲ್ಲಿ ಮಾಡುವ ಕೆಲಸಕ್ಕೆ ಸಣ್ಣದಕ್ಕೆ ಎರಡು ಗಂಟೆ ಬೇಕಾಗುವುದನ್ನು ಮಾತ್ರ ಮರೆಯಬಾರದು. ನಾಲ್ಕು ಮನೆಯವರು ಕೂಡಿ ಒಂದು ಯಂತ್ರ ಕೊಳ್ಳುವುದು ಕಾಗದದ ಮೇಲೆ ಉತ್ತಮವಾಗಿ ಕಂಡರೂ, ರೋಹಿಣಿ ಮಳೆಯಾದ ಮರುದಿನ ಮೊದಲು ಯಾರ ಹೊಲ ಎಂಬುದನ್ನು ಮುಂಚೆಯೇ ಬರೆದಿಡದೆ ಕೂಡತಕ್ಕದ್ದಲ್ಲ.

ಸಾಲ

ಎತ್ತು, ಬೀಜಗಳಿಗಾಗಿ 1884ರ ಕಾಯಿದೆಯಂತೆ ತಗಾವಿ ಕೊಡುತ್ತಿದ್ದ ಕಾಲವೂ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘವು ಹುಟ್ಟಿದ ಕಾಲವೂ ಹಿಂದಾದುವು. ಈಗ ಸಾಲ ಕೊಡುವವರ ಕೊರತೆಯಿಲ್ಲ. ಕೊರತೆಯಿರುವುದು ಕರಾರನ್ನು ಓದುವವರದು.

ಸಾಲದ ಮೊತ್ತವನ್ನು ಇಳಿಸುವುದೇ ಮೊದಲ ಕೆಲಸ. 2025ರ ಸಪ್ಟಂಬರ್ 22ರಿಂದ ಟ್ರ್ಯಾಕ್ಟರು ಮತ್ತು ಬೇಸಾಯದ ಸಲಕರಣೆಗಳ ಮೇಲಿನ ಜಿ.ಎಸ್.ಟಿ.ಯು ನೂರಕ್ಕೆ 12ರಿಂದ 5ಕ್ಕೂ, ಟ್ರ್ಯಾಕ್ಟರಿನ ಟಾಯರುಗಳದು 18ರಿಂದ 5ಕ್ಕೂ ಇಳಿದಿದೆ. ದರಪತ್ರದಲ್ಲಿ ತೆರಿಗೆಯನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು. ಸರಕಾರದ ಸಹಾಯಧನಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಕೊಡತಕ್ಕದ್ದು. ಅದಕ್ಕೆ ಫ್ರೂಟ್ಸ್ ಗುರುತಿನ ಸಂಖ್ಯೆಯು ಅವಶ್ಯ. 2014-15ರಲ್ಲಿ ಆರಂಭವಾದ ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನದ ಮಾರ್ಗಸೂಚಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ ನಾಲ್ವತ್ತು, ಸಣ್ಣ ಹಿಡುವಳಿದಾರರು, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು ಇವರಿಗೆ ನೂರಕ್ಕೆ ಐವತ್ತು ಎಂದಿದ್ದರೂ ಪ್ರತಿಯೊಂದಕ್ಕೂ ಒಂದು ಗರಿಷ್ಠ ಮಿತಿ ಇರುವುದು. ಅನುಮೋದನೆಯ ಪಟ್ಟಿಯಲ್ಲಿರುವ ಮಾದರಿಗೆ ಮಾತ್ರ, ಅನುದಾನವಿರುವವರೆಗೆ ಮಾತ್ರ ಇದು ದೊರೆಯುವುದು. ಮಂಜೂರಾತಿಯು ಕೈಗೆ ಬರುವ ಮೊದಲು 'ಸಹಾಯಧನ ಬಂದೇ ಬರುವುದು' ಎಂಬ ಮಾತಿನ ಮೇಲೆ ಮುಂಗಡ ಕೊಟ್ಟವನು, ಅದು ಬಾರದಿದ್ದಾಗ ಆ ಹಣಕ್ಕೂ ಬಡ್ಡಿ ತೆರುವನು.

ಬಡ್ಡಿಯ ದರದಲ್ಲಿ ಎರಡು ಭಾಷೆಗಳಿವೆ. 'ನೂರಕ್ಕೆ ಒಂಬತ್ತು' ಎಂದು ಇಬ್ಬರು ಹೇಳಬಹುದು. ಅರ್ಥ ಒಂದೇ ಅಲ್ಲ. ನಾಲ್ಕು ಲಕ್ಷದ ಸಾಲ, ಐದು ವರ್ಷ, ಆರು ತಿಂಗಳಿಗೊಂದರಂತೆ ಹತ್ತು ಕಂತು ಎನ್ನೋಣ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವವನಲ್ಲಿ ಕಂತು 50,552 ರೂ. ಆಗಿ ಒಟ್ಟು ಬಡ್ಡಿಯು ಸುಮಾರು 1,05,500 ರೂ. ಆಗುವುದು. ಮೊದಲಿನ ಪೂರ್ಣ ಅಸಲಿನ ಮೇಲೆಯೇ ಐದೂ ವರ್ಷ ಬಡ್ಡಿ ಹಿಡಿಯುವ 'ಫ್ಲ್ಯಾಟ್' ದರದವನಲ್ಲಿ ಬಡ್ಡಿಯು 1,80,000 ರೂ., ಕಂತು 58,000 ರೂ. ಈ ಎರಡನೆಯದು ಒಂಬತ್ತಲ್ಲ. ಮೊದಲನೆಯ ಭಾಷೆಯಲ್ಲಿ ಹೇಳಿದರೆ ಸುಮಾರು ಹದಿನೈದು. ವ್ಯತ್ಯಾಸವಾದ ಎಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚಿನ ಹಣದಲ್ಲಿ ಕಲ್ಟಿವೇಟರೊಂದನ್ನು ಕೊಂಡು ಮಿಗಿಸಬಹುದಾಗಿತ್ತು. ಚಿಲ್ಲರೆ ಅವಧಿಸಾಲಗಳಿಗೆ ಬಡ್ಡಿ, ಶುಲ್ಕ ಎಲ್ಲವನ್ನೂ ಕೂಡಿಸಿದ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶಗಳ ಪತ್ರವನ್ನು ಕೊಡಬೇಕೆಂದು ರಿಜರ್ವ್ ಬ್ಯಾಂಕು 2024ರ ಅಕ್ಟೋಬರ್ 1ರಿಂದ ವಿಧಿಸಿದೆ. ಸಹಿ ಮಾಡುವ ಮುನ್ನ ಅದನ್ನು ಕೇಳಿ ಪಡೆದು, ಕನ್ನಡ ಓದಬಲ್ಲ ಮನೆಯ ಮಗನಿಂದಲೋ ಮಗಳಿಂದಲೋ ಓದಿಸಿ ಕೇಳಬೇಕು.

ಸಹಕಾರಿ ಸಂಸ್ಥೆಗಳ ಮೂಲಕ ಮಧ್ಯಮಾವಧಿ, ದೀರ್ಘಾವಧಿ ಕೃಷಿಸಾಲವನ್ನು ನೂರಕ್ಕೆ ಮೂರರ ಬಡ್ಡಿಯಲ್ಲಿ ಕೊಡುವ ಮಿತಿಯನ್ನು ರಾಜ್ಯ ಸರಕಾರವು 2023ರ ಜುಲೈ ತಿಂಗಳ ಮುಂಗಡಪತ್ರದಲ್ಲಿ ಹತ್ತು ಲಕ್ಷದಿಂದ ಹದಿನೈದು ಲಕ್ಷಕ್ಕೆ ಏರಿಸಿತು. ಮೇಲಿನ ನಾಲ್ಕು ಲಕ್ಷಕ್ಕೆ ಈ ದರದಲ್ಲಿ ಅರ್ಧವಾರ್ಷಿಕ ಕಂತು 43,374 ರೂ. ಮಾತ್ರ, ಐದು ವರ್ಷದ ಬಡ್ಡಿಯು 34,000 ರೂ. ಒಳಗೇ. ಆದುದರಿಂದ ಅರ್ಹತೆಯುಳ್ಳವನು ಮೊದಲು ತನ್ನ ಪ್ರಾಥಮಿಕ ಸಹಕಾರಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕಿನಲ್ಲಿ ವಿಚಾರಿಸದೆ ಬೇರೆಡೆಗೆ ಹೋಗಬಾರದು. ಅಲ್ಲಿ ಹಣ ಬರಲು ತಡವಾಗುವುದೆಂಬ ಆಕ್ಷೇಪವು ಸುಳ್ಳಲ್ಲ. ಫಾಲ್ಗುಣದಲ್ಲಿಯೇ ಅರ್ಜಿ ಹಾಕಿದರೆ ಆ ತಡವನ್ನು ಬಹುಮಟ್ಟಿಗೆ ಗೆಲ್ಲಬಹುದು. ಇನ್ನೊಂದು ಎಚ್ಚರಿಕೆ: ಈ ರಿಯಾಯತಿಯು ಗಡುವಿನೊಳಗೆ ತುಂಬುವವರಿಗೆ. ಕಂತು ತಪ್ಪಿದರೆ ಬಡ್ಡಿಯ ರಿಯಾಯತಿಯೂ ತಪ್ಪುವುದು.

ಕಂತಿನ ತಾರೀಖು ದರದಷ್ಟೇ ಮುಖ್ಯವಾದುದು. ಇದನ್ನು ಕೇಳುವವರು ಮಾತ್ರ ಅತಿ ವಿರಳ. ಖಾನಾಪುರದ ಒಕ್ಕಲಿಗನ ಮನೆಗೆ ಭತ್ತದ ಹಣವು ಮಾರ್ಗಶಿರ, ಪುಷ್ಯಗಳಲ್ಲಿಯೂ ಕಬ್ಬಿನದು ಅದರ ನಂತರವೂ ಬರುವುದು. ಕಬ್ಬು ತಲುಪಿದ ಹದಿನಾಲ್ಕು ದಿನದೊಳಗೆ ಬಿಲ್ಲು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆಜ್ಞೆಯಲ್ಲಿದ್ದರೂ ಅದು ತಿಂಗಳುಗಟ್ಟಲೆ ಎಳೆದಾಡುವುದು ಈ ಜಿಲ್ಲೆಯವರಿಗೆ ಹೊಸತಲ್ಲ. ಶ್ರಾವಣದಲ್ಲಿ ಮನೆಯಲ್ಲಿ ಬೀಜ, ಗೊಬ್ಬರ, ಆಳಿನ ಲೆಕ್ಕವೇ ಹೊರತು ಆದಾಯವಿಲ್ಲ. ತಿಂಗಳ ಕಂತನ್ನೋ ಆಗಸ್ಟಿನಲ್ಲಿ ಬೀಳುವ ಅರ್ಧವಾರ್ಷಿಕ ಕಂತನ್ನೋ ಒಪ್ಪಿದವನು ಆ ಕಂತಿಗಾಗಿ ಕೈಗಡ ಮಾಡುವನು. ಅದರ ಬಡ್ಡಿಯು ಬ್ಯಾಂಕಿನ ಯಾವ ಪತ್ರದಲ್ಲಿಯೂ ಕಾಣುವುದಿಲ್ಲ. ಮೇಲಿನ ನಾಲ್ಕು ಲಕ್ಷವನ್ನೇ ವರ್ಷಕ್ಕೊಂದು ಕಂತಿನಂತೆ ಮಾರ್ಚಿಯಲ್ಲಿ ತುಂಬುವ ಕರಾರಾದರೆ ಕಂತು 1,02,837 ರೂ.; ಎರಡು ಅರ್ಧಕಂತುಗಳ ಮೊತ್ತಕ್ಕಿಂತ ವರ್ಷಕ್ಕೆ ಸುಮಾರು 1,700 ರೂಪಾಯಿ ಮಾತ್ರ ಹೆಚ್ಚು. ಶ್ರಾವಣದ ಕೈಗಡವನ್ನು ತಪ್ಪಿಸಿಕೊಳ್ಳಲು ಇದು ಅಗ್ಗದ ಬೆಲೆ. ಕಂತು ತಡವಾದರೆ ದಂಡದ ಶುಲ್ಕವನ್ನು ಹಾಕಬಹುದಾದರೂ ಅದನ್ನು ಅಸಲಿಗೆ ಸೇರಿಸಿ ಬಡ್ಡಿಗೆ ಬಡ್ಡಿ ಎಳೆಯುವುದನ್ನು ರಿಜರ್ವ್ ಬ್ಯಾಂಕು 2024ರ ಏಪ್ರಿಲ್ 1ರಿಂದ ನಿಷೇಧಿಸಿದೆ. ಲೆಕ್ಕದಲ್ಲಿ ಹಾಗೆ ಕಂಡರೆ ಬರಹದಲ್ಲಿ ಆಕ್ಷೇಪಿಸತಕ್ಕದ್ದು.

ಭೂಮಿಯ ಅಡವಿನ ವಿಷಯ. ಎರಡು ಲಕ್ಷದವರೆಗಿನ ಕೃಷಿಸಾಲಕ್ಕೆ ಬ್ಯಾಂಕುಗಳು ಅಡವು ಕೇಳಕೂಡದೆಂಬ ಮಿತಿಯು 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಹಿಂದೆ ಅದು 1 ಲಕ್ಷ 60 ಸಾವಿರವಿತ್ತು. ಕೈಯಲ್ಲಿರುವ ಹಣವನ್ನು ಯಂತ್ರಕ್ಕೆ ಹಾಕಿ, ಮೊದಲ ವರ್ಷ ಒಂದೇ ಸಲಕರಣೆಯಿಂದ ಸಾಗಿಸಿ, ಉಳಿದುದನ್ನು ಸುಗ್ಗಿಯಾದಂತೆ ಕೊಳ್ಳುವವನ ಸಾಲವು ಈ ಮಿತಿಗೆ ಹತ್ತಿರವಾಗಿಯೇ ಉಳಿಯುವುದು. ಎಲ್ಲವನ್ನೂ ಒಂದೇ ದಿನ ಕೊಳ್ಳುವವನ ಪಹಣಿಯಲ್ಲಿ ಋಣವು ದಾಖಲಾಗಿ, ಮುಂದೆ ಬಾವಿಗೋ ಮಗಳ ಓದಿಗೋ ಸಾಲ ಬೇಕಾದಾಗ ಆ ಭೂಮಿಯು ಆಧಾರಕ್ಕೆ ಬಾರದು.

ಊರಿನ ಮುಖಂಡರಿಗೆ ಸಂಬಂಧಪಟ್ಟ ಮಾತೊಂದು ಉಳಿದಿದೆ. ಊರಲ್ಲಿ ಯಾರೇ ಟ್ರ್ಯಾಕ್ಟರು ಕೊಂಡರೂ ಜಾಮೀನಿನ ಸಹಿಗಾಗಿ ಅವರ ಮನೆಗೇ ಬರುವುದು ರೂಢಿ. ಮುಖದಾಕ್ಷಿಣ್ಯಕ್ಕೆ ಇಲ್ಲವೆನ್ನುವುದೂ ಕಷ್ಟ. ಆದರೆ 1872ರ ಕರಾರು ಕಾಯಿದೆಯಂತೆ ಬೇರೆ ಕರಾರಿಲ್ಲದಿದ್ದಲ್ಲಿ ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ಪೂರ್ಣವಾದುದು. ಸಾಲ ಕೊಟ್ಟವರು ಮೊದಲು ಸಾಲಗಾರನಿಂದಲೇ ವಸೂಲು ಮಾಡಬೇಕೆಂಬ ನಿರ್ಬಂಧವಿಲ್ಲ, ನೇರವಾಗಿ ಜಾಮೀನುದಾರನ ಬಾಗಿಲಿಗೆ ಬರಬಲ್ಲರು. ಸಹಿಗಿಂತ ಮೊದಲು ಗಂಟೆಯ ಲೆಕ್ಕವನ್ನೂ ಕಂತಿನ ತಾರೀಖನ್ನೂ ಕೇಳಿ ತಿಳಿಯುವ ಹಕ್ಕು ಅವರಿಗೆ ಇದೆ. ಹಾಗೆ ಕೇಳಿದರೆ ಕೊಳ್ಳುವವನಿಗೂ ಉಪಕಾರವೇ.

ಕಡೆಯ ಕಂತು ತೀರಿದ ದಿನ ಕೆಲಸ ಮುಗಿಯಿತೆಂದು ಭಾವಿಸಬಾರದು. ಋಣಮುಕ್ತಿಯ ಪತ್ರವನ್ನೂ ಸಹಿ ಮಾಡಿದ 35ನೆಯ ನಮೂನೆಯನ್ನೂ ಪಡೆದು, ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ನೋಂದಣಿ ಪುಸ್ತಕದಿಂದ ಸಾಲ ಕೊಟ್ಟವರ ಹೆಸರನ್ನು ತೆಗೆಸಬೇಕು. ಭೂಮಿಯು ಅಡವಾಗಿದ್ದಲ್ಲಿ ತಹಶೀಲ ಕಚೇರಿಗೆ ಹೋಗಿ ಪಹಣಿಯಲ್ಲಿನ ಋಣದ ನಮೂದನ್ನೂ ಕಡಿಮೆ ಮಾಡಿಸಿ, ಹೊಸ ಪಹಣಿಯ ಒಂದು ಪ್ರತಿಯನ್ನು ಸಾಲದ ಕಾಗದಗಳ ಜೊತೆಗೆ ಕಟ್ಟಿಡತಕ್ಕದ್ದು.